ಗುಲ್ಮ ತೆಗೆದವರಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ



ಬಾನುಲಿಯಲ್ಲಿ ನಮಗೆ ಸಿಗುವುದು ಅರ್ಧ ಗಂಟೆ. ನಾಲ್ಕು ಹಾಡು, ಒಂದಿಷ್ಟು ಊರಿನ ಸುದ್ದಿ, ನಿಮ್ಮ ಪತ್ರಗಳು, ಅಷ್ಟರಲ್ಲಿ ಗಡಿಯಾರ ಮುಂದೆ ಹೋಗಿರುತ್ತದೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಈ ಪುಟದಲ್ಲಿ ಹೇಳುವುದು ನಮ್ಮ ರೂಢಿ. ಈ ಸಲದ ವಿಷಯ ಸ್ವಲ್ಪ ಗಂಭೀರ. ಆದರೆ ಓದಿ. ನಿಮ್ಮ ಮನೆಗಲ್ಲದಿದ್ದರೂ ಪಕ್ಕದ ಮನೆಗೆ ಬೇಕಾದೀತು.

ಡೊಂಬಿವಲಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಹಾಡು ಕೇಳಲಿಕ್ಕಲ್ಲ. ಅವರ ಮಗನಿಗೆ ಹನ್ನೊಂದು ವರ್ಷ, ಹುಟ್ಟಿನಿಂದಲೇ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಗುಲ್ಮ ತೆಗೆದಿದ್ದಾರೆ. ಬೇಸಿಗೆ ರಜೆಗೆಂದು ಗದಗಿನ ಹತ್ತಿರದ ತವರಿಗೆ ಹೋಗಿದ್ದಾಗ ಒಂದು ರಾತ್ರಿ ಹನ್ನೊಂದಕ್ಕೆ ಹುಡುಗನಿಗೆ ಚಳಿ ಬಂತು, ಮೈ ಬಿಸಿಯಾಯಿತು. ಅಜ್ಜಿ ಹೇಳಿದರಂತೆ: "ಊರ ನೀರು ಬದಲಾಗೇತಿ, ಒಂದು ಗುಳಿಗಿ ಕೊಟ್ಟು ಮಲಗಿಸವ್ವಾ, ಮುಂಜಾನಿ ನೋಡೂಣು." ಯಾವ ಅಜ್ಜಿಯೂ ಹೇಳುವ ಮಾತೇ ಅದು. ಆದರೆ ಈ ತಾಯಿ ಕೇಳಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಗಾಡಿಯಲ್ಲಿ ರಾತ್ರೋರಾತ್ರಿ ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರು ನೋಡಿ, "ವೈರಲ್ ಇರಬಹುದಮ್ಮಾ, ನಾಳೆ ಬನ್ನಿ" ಎಂದರು. ಆಗ ಆಕೆ ಪರ್ಸಿನಿಂದ ಒಂದು ಚೀಟಿ ತೆಗೆದು ಕೈಗಿಟ್ಟರು. "ಈ ಮಗುವಿಗೆ ಗುಲ್ಮ ಇಲ್ಲ, ಜ್ವರ ಬಂದರೆ ಕೂಡಲೇ ಆಂಟಿಬಯಾಟಿಕ್ ಶುರು ಮಾಡಬೇಕು" ಎಂದು ಮುಂಬೈಯ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ. ಅದನ್ನು ಓದಿದ್ದೇ ತಡ, ಡಾಕ್ಟರು ಕುರ್ಚಿಯಿಂದೆದ್ದರು. ಹತ್ತು ನಿಮಿಷದಲ್ಲಿ ರಕ್ತ ತೆಗೆದು, ನರಕ್ಕೆ ಸೂಜಿ ಹಾಕಿ, ಔಷಧ ಹರಿಸಿದರು. ಎರಡು ದಿನದ ಮೇಲೆ ರಕ್ತದ ವರದಿ ಬಂದಾಗ ಅದರಲ್ಲಿ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಇತ್ತು. ಹುಡುಗ ಈಗ ಆರಾಮಾಗಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ.

"ಅಕ್ಕಾರ, ಆ ಚೀಟಿ ಇರಲಿಲ್ಲಂದ್ರ ನಾನೂ ಗುಳಿಗಿ ತಗೊಂಡು ವಾಪಸ್ ಬರತಿದ್ದೆ. ಇದನ್ನ ನಾಲ್ಕ ಮಂದಿಗೆ ತಿಳಿಯೋ ಹಂಗ ಬರೀರಿ" ಎಂದರು. ಅವರ ಮಾತಿನಂತೆ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಕನ್ನಡ ಬಿ.ಎ. ಓದಿದವಳು. ತಿಳಿದವರನ್ನು ಕೇಳಿ, ಓದಿ, ನಿಮ್ಮ ಮುಂದಿಡುತ್ತಿದ್ದೇನೆ. ಔಷಧದ ಪ್ರಮಾಣ, ಲಸಿಕೆಯ ದಿನಾಂಕ ಇವನ್ನೆಲ್ಲ ನಿಮ್ಮ ಡಾಕ್ಟರೇ ಹೇಳಬೇಕು.

ಗುಲ್ಮ ಎಂದರೇನು?

ಎಡಗಡೆ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಹಿಂದೆ ಅಡಗಿ ಕುಳಿತಿರುವ, ಮುಷ್ಟಿ ಗಾತ್ರದ ಅಂಗವೇ ಗುಲ್ಮ. ಪ್ಲೀಹ ಎಂದೂ ಕರೆಯುತ್ತಾರೆ. ಆರೋಗ್ಯವಂತ ದೊಡ್ಡವರಲ್ಲಿ ಅದರ ತೂಕ ಸುಮಾರು 150 ಗ್ರಾಂ. ನಮ್ಮ ಹಳೆಯ ನಿಘಂಟುಗಳಲ್ಲಿ 'ಗುಲ್ಮ' ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಸೈನ್ಯದ ಒಂದು ತುಕಡಿ. ಅಕ್ಷೌಹಿಣಿಯ ಲೆಕ್ಕದಲ್ಲಿ 9 ರಥ, 9 ಆನೆ, 27 ಕುದುರೆ, 45 ಕಾಲಾಳು ಸೇರಿದರೆ ಒಂದು ಗುಲ್ಮ. ಕಾವಲು ಪಡೆಗೂ ಆ ಹೆಸರಿದೆ. ದೇಹದೊಳಗಿನ ಗುಲ್ಮ ಮಾಡುವ ಕೆಲಸಕ್ಕೂ ಈ ಅರ್ಥ ಚೆನ್ನಾಗಿ ಒಪ್ಪುತ್ತದೆ.

ಅದರ ಕೆಲಸ ಮುಖ್ಯವಾಗಿ ಎರಡು. ಒಂದು, ರಕ್ತವನ್ನು ಸೋಸುವುದು. ಮುಪ್ಪಾದ, ಆಕಾರ ಕೆಟ್ಟ ಕೆಂಪು ರಕ್ತಕಣಗಳನ್ನು ಹಿಡಿದು ತೆಗೆದುಹಾಕುತ್ತದೆ. ಎರಡು, ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದು. ಕೆಲವು ಬ್ಯಾಕ್ಟೀರಿಯಾಗಳು ಮೈಮೇಲೆ ಸಕ್ಕರೆ ಪದಾರ್ಥದ ಜಾರುವ ಕವಚ ಹೊದ್ದಿರುತ್ತವೆ. ರಕ್ತದಲ್ಲಿ ತಿರುಗುವ ಬಿಳಿ ಕಣಗಳ ಹಿಡಿತಕ್ಕೆ ಅವು ಸುಲಭವಾಗಿ ಸಿಗುವುದಿಲ್ಲ. ಇಂಥವಕ್ಕೆ ಬೇಗನೆ ಪ್ರತಿಕಾಯ ತಯಾರಿಸುವ ವಿಶೇಷ ಕಣಗಳು ಗುಲ್ಮದಲ್ಲಿವೆ. ಪ್ರತಿಕಾಯ ಅಂಟಿದ ಬ್ಯಾಕ್ಟೀರಿಯಾ ಗುಲ್ಮದ ಸಂದುಗಳಲ್ಲಿ ನಿಧಾನವಾಗಿ ಹಾದುಹೋಗುವಾಗ ಸಿಕ್ಕಿಬೀಳುತ್ತದೆ.

ಹಾಗಾದರೆ ತೆಗೆಯುವುದೇಕೆ?

ಹುಟ್ಟಿನಿಂದ ಬರುವ ಕೆಲವು ರಕ್ತದ ಕಾಯಿಲೆಗಳಲ್ಲಿ ಈ ಕಾವಲುಗಾರನೇ ತೊಂದರೆಗೆ ಕಾರಣನಾಗುತ್ತಾನೆ. ಥಲಸ್ಸೇಮಿಯಾದಲ್ಲಿ ಕೆಂಪು ಕಣಗಳು ಸರಿಯಾಗಿ ತಯಾರಾಗುವುದಿಲ್ಲ. ಕೆಟ್ಟ ಕಣಗಳನ್ನು ಸೋಸಿ ಸೋಸಿ ಗುಲ್ಮ ದೊಡ್ಡದಾಗುತ್ತದೆ, ಹೊರಗಿನಿಂದ ಹಾಕಿದ ಒಳ್ಳೆಯ ರಕ್ತವನ್ನೂ ನುಂಗತೊಡಗುತ್ತದೆ. ಎಷ್ಟು ರಕ್ತ ಹಾಕಿದರೂ ಸಾಲದು ಎನ್ನುವ ಸ್ಥಿತಿ ಬಂದಾಗ, ಬಿಳಿ ಕಣ, ಪ್ಲೇಟ್‌ಲೆಟ್ ಕೂಡ ಇಳಿದಾಗ, ಡಾಕ್ಟರು ಗುಲ್ಮ ತೆಗೆಯುವ ಮಾತೆತ್ತುತ್ತಾರೆ. ಸ್ಫೆರೋಸೈಟೋಸಿಸ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಕೆಂಪು ಕಣಗಳು ಚಪ್ಪಟೆಯಾಗಿರುವ ಬದಲು ಗೋಲಿಯಂತಿರುತ್ತವೆ, ಗುಲ್ಮ ಅವನ್ನು ಒಡೆದುಹಾಕುತ್ತದೆ. ಕಾಯಿಲೆ ತೀವ್ರವಾಗಿದ್ದವರಿಗೆ ಗುಲ್ಮ ತೆಗೆದರೆ ರಕ್ತಹೀನತೆ ಬಹುಮಟ್ಟಿಗೆ ಸರಿಹೋಗುತ್ತದೆ.

ಸಿಕಲ್ ಸೆಲ್ ಕಾಯಿಲೆಯ ಕತೆ ಬೇರೆ. ಅಲ್ಲಿ ಕುಡುಗೋಲಿನ ಆಕಾರದ ಕಣಗಳು ಗುಲ್ಮದ ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ತೀವ್ರ ರೂಪದ ಕಾಯಿಲೆ ಇರುವ ಹೆಚ್ಚಿನ ಮಕ್ಕಳಲ್ಲಿ ಐದು ವರ್ಷ ತುಂಬುವ ಹೊತ್ತಿಗೆ ಗುಲ್ಮ ತಾನಾಗಿಯೇ ನಿಷ್ಕ್ರಿಯವಾಗಿರುತ್ತದೆ. ಆಪರೇಷನ್ ಆಗಿರುವುದಿಲ್ಲ, ಹೊಟ್ಟೆಯ ಮೇಲೆ ಹೊಲಿಗೆಯ ಗುರುತೂ ಇರುವುದಿಲ್ಲ. ಹೀಗಾಗಿ ಮನೆಯವರಿಗೆ ಇದು ಗೊತ್ತಾಗುವುದೇ ಕಷ್ಟ. ಇಲ್ಲಿ ಬರೆದಿರುವ ಎಚ್ಚರಿಕೆಗಳು ಆ ಮಕ್ಕಳಿಗೂ ಅನ್ವಯಿಸುತ್ತವೆ.

ಇದು ನಮ್ಮ ನಾಡಿಗೆ ದೂರದ ಕಾಯಿಲೆಯೇನಲ್ಲ. ದಕ್ಷಿಣ ಭಾರತದಲ್ಲಿ ಸಿಕಲ್ ಸೆಲ್ ಕುರಿತು ಮೊದಲ ವರದಿ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಿಂದ ಬಂತು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗರು, ಜೇನುಕುರುಬರು, ಯರವರಲ್ಲೂ ಈ ಕಾಯಿಲೆ ಕಂಡುಬಂದಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕಾವಲು ಇಲ್ಲದ ಕೋಟೆ

ಗುಲ್ಮ ತೆಗೆದರೂ ಮನುಷ್ಯ ಬದುಕುತ್ತಾನೆ, ಓಡಾಡುತ್ತಾನೆ, ಕೆಲಸ ಮಾಡುತ್ತಾನೆ. ಹೀಗಾಗಿ ಬಹಳ ಕಾಲ ಅದೊಂದು ಬೇಡದ ಅಂಗವೆಂದೇ ತಿಳಿಯಲಾಗಿತ್ತು. ಅದೇ 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬ ಶಸ್ತ್ರವೈದ್ಯರು, ರಕ್ತದ ಕಾಯಿಲೆಗಾಗಿ ಗುಲ್ಮ ತೆಗೆಸಿಕೊಂಡಿದ್ದ ಐದು ಹಸುಗೂಸುಗಳ ಬಗ್ಗೆ ಬರೆದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ನಂತರ ಆ ಶಿಶುಗಳನ್ನು ತೀವ್ರ ಸೋಂಕು ಕಾಡಿತ್ತು. ಅಲ್ಲಿಂದ ವೈದ್ಯಲೋಕ ಎಚ್ಚೆತ್ತಿತು.

ಈ ಸೋಂಕು ಎಲ್ಲರಿಗೂ ಬರುವುದಿಲ್ಲ, ಅಪರೂಪವೇ. ಆದರೆ ಬಂದರೆ ಅದರ ವೇಗ ಭಯಂಕರ. ಬೆಳಿಗ್ಗೆ ನೆಗಡಿಯಂತೆ, ಮೈಕೈ ನೋವಿನಂತೆ ಶುರುವಾದದ್ದು ಸಂಜೆಯೊಳಗೆ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವವರೆಗೆ ಹೋಗಬಹುದು. ಒಂದೆರಡು ದಿನದೊಳಗೆ ಸಾವು ಸಂಭವಿಸಬಹುದು. ಈ ಹಂತ ತಲುಪಿದವರಲ್ಲಿ, ಒಳ್ಳೆಯ ಆಸ್ಪತ್ರೆ ಸಿಕ್ಕರೂ, ಅರ್ಧದಷ್ಟು ಜನ ಉಳಿಯುವುದಿಲ್ಲ ಎಂದು ಹಲವು ವರದಿಗಳು ಹೇಳುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ದಿನಗಳಲ್ಲ, ಗಂಟೆಗಳು.

ಅಪಾಯ ಹೆಚ್ಚಿರುವುದು ಆಪರೇಷನ್ ಆದ ಮೊದಲ ಎರಡು ಮೂರು ವರ್ಷ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ. ಆದರೆ ಅದು ಯಾವತ್ತೂ ಸೊನ್ನೆಯಾಗುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷದ ನಂತರವೂ ಬಂದ ಉದಾಹರಣೆಗಳಿವೆ. ಅಪಘಾತದಲ್ಲಿ ಗುಲ್ಮ ಕಳೆದುಕೊಂಡವರಿಗಿಂತ ಥಲಸ್ಸೇಮಿಯಾದಂಥ ಕಾಯಿಲೆಯವರಿಗೆ ಅಪಾಯ ಹೆಚ್ಚು. ಆದ್ದರಿಂದಲೇ ಐದು ವರ್ಷದೊಳಗಿನ ಮಕ್ಕಳಿಗೆ ಸಾಧ್ಯವಾದಷ್ಟೂ ಈ ಆಪರೇಷನ್ ಮಾಡುವುದಿಲ್ಲ. ಮೊದಲಿನಿಂದಲೇ ಸಾಕಷ್ಟು ರಕ್ತ ಹಾಕಿಸುತ್ತಾ ಬಂದರೆ ಗುಲ್ಮ ಅಷ್ಟು ಊದುವುದೇ ಇಲ್ಲ. ಹಾಗಾಗಿ ಥಲಸ್ಸೇಮಿಯಾ ಮಕ್ಕಳಲ್ಲಿ ಈ ಆಪರೇಷನ್ ಹಿಂದಿನಷ್ಟು ನಡೆಯುತ್ತಿಲ್ಲ.

ಮೊದಲ ಬೇಲಿ: ಲಸಿಕೆ

ಕವಚ ಹೊದ್ದ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಮೂರು: ನ್ಯೂಮೋಕಾಕಸ್, ಮೆನಿಂಜೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಅಥವಾ 'ಹಿಬ್'. ಮೂರಕ್ಕೂ ಲಸಿಕೆ ಇದೆ. ಜೊತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಏಕೆಂದರೆ ಫ್ಲೂ ಬಂದವರ ಶ್ವಾಸಕೋಶಕ್ಕೆ ನ್ಯೂಮೋಕಾಕಸ್ ಸುಲಭವಾಗಿ ನುಗ್ಗುತ್ತದೆ.

ಇಲ್ಲಿ ಸಮಯ ಬಹಳ ಮುಖ್ಯ. ಲಸಿಕೆ ಕೆಲಸ ಮಾಡಲು ಗುಲ್ಮವೂ ಸಹಾಯ ಮಾಡುತ್ತದೆ. ಹಾಗಾಗಿ ಅದು ಇರುವಾಗಲೇ ಹಾಕಿಸುವುದು ಒಳ್ಳೆಯದು, ಕನಿಷ್ಠ ಆಪರೇಷನ್‌ಗೆ ಎರಡು ವಾರ ಮುಂಚೆ. ಆದರೆ ನ್ಯೂಮೋಕಾಕಸ್‌ಗೆ ಎರಡು ಬಗೆಯ ಲಸಿಕೆ ಕೊಡುವುದಾದರೆ ಮೊದಲು ಕಾಂಜುಗೇಟ್ ಲಸಿಕೆ, ಕನಿಷ್ಠ ಎಂಟು ವಾರ ಬಿಟ್ಟು 23 ಬಗೆಯ ನ್ಯೂಮೋಕಾಕಸ್ ತಡೆಯುವ ಇನ್ನೊಂದು ಲಸಿಕೆ. ಮೆನಿಂಜೋಕಾಕಲ್ ಲಸಿಕೆಗೂ ಎರಡು ಡೋಸ್, ನಡುವೆ ಎಂಟು ವಾರ. ಲೆಕ್ಕ ಹಾಕಿ ನೋಡಿ: ಎಲ್ಲವೂ ಸಮಯಕ್ಕೆ ಮುಗಿಯಬೇಕಾದರೆ ಆಪರೇಷನ್ ದಿನಾಂಕಕ್ಕೆ ಎರಡು ಮೂರು ತಿಂಗಳು ಮೊದಲೇ ಶುರು ಮಾಡಬೇಕು. "ಮುಂದಿನ ವಾರ ಆಪರೇಷನ್, ಈ ವಾರ ಲಸಿಕೆ" ಎಂದರೆ ತಡವಾಯಿತು. ಸರ್ಜನ್ ದಿನಾಂಕ ಕೊಡುವಾಗಲೇ "ಡಾಕ್ಟರೇ, ಲಸಿಕೆ ಯಾವಾಗ?" ಎಂದು ಕೇಳಿಬಿಡಿ. ತುರ್ತಾಗಿ ಆಪರೇಷನ್ ಆಗಿಹೋಗಿದ್ದರೆ ಎರಡು ವಾರ ಕಳೆದ ಮೇಲೆ ಹಾಕಿಸಬಹುದು. ವರ್ಷಗಳೇ ಕಳೆದಿದ್ದರೂ, ಹಾಕಿಸದವರು ಈಗಲೂ ಹಾಕಿಸಬಹುದು.

"ಮಗುವಿಗೆ ಎಲ್ಲ ಲಸಿಕೆ ಹಾಕಿಸಿದ್ದೇವೆ" ಎನ್ನುವ ಮೊದಲು ಹಳೆಯ ಕಾರ್ಡ್ ತೆಗೆದು ನೋಡಿ. ಹಿಬ್ ಸೇರಿರುವ ಐದು ರೋಗಗಳ ಲಸಿಕೆ ಸರ್ಕಾರಿ ಪಟ್ಟಿಗೆ ಬರತೊಡಗಿದ್ದು 2011ರ ಕೊನೆಯಲ್ಲಿ, ಕೇರಳ ಮತ್ತು ತಮಿಳುನಾಡಿನಿಂದ. ನ್ಯೂಮೋಕಾಕಲ್ ಲಸಿಕೆ 2017ರಿಂದ ಹಂತಹಂತವಾಗಿ ಬಂದು, ದೇಶಕ್ಕೆಲ್ಲ ತಲುಪಿದ್ದು 2021ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ಎಷ್ಟೋ ಮಕ್ಕಳಿಗೆ, ಈಗ ಕಾಲೇಜಿಗೆ, ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ, ಇವು ಸಿಕ್ಕಿರುವುದಿಲ್ಲ. ಮೆನಿಂಜೋಕಾಕಲ್ ಲಸಿಕೆಯಂತೂ ಸಾಮಾನ್ಯ ಪಟ್ಟಿಯಲ್ಲಿಲ್ಲ, ಬೆಲೆಯೂ ಹೆಚ್ಚು. ರಕ್ತ ಹಾಕಿಸುವ ಕೇಂದ್ರದಲ್ಲಿ ವಿಚಾರಿಸಿ, ನೆರವಿನ ದಾರಿ ಏನಾದರೂ ಇದ್ದರೆ ಅಲ್ಲಿಯವರಿಗೆ ಗೊತ್ತಿರುತ್ತದೆ. ಕೆಲವು ಲಸಿಕೆಗಳನ್ನು ಐದು ವರ್ಷಕ್ಕೆ ಮತ್ತೆ ಹಾಕಿಸಬೇಕಾಗುತ್ತದೆ. ಆ ವರ್ಷವನ್ನು ಮನೆಯ ಪಂಚಾಂಗದಲ್ಲೋ ಮೊಬೈಲಿನಲ್ಲೋ ಬರೆದಿಡಿ.

ಎರಡನೆಯ ಬೇಲಿ: ದಿನದ ಮಾತ್ರೆ

ನ್ಯೂಮೋಕಾಕಸ್‌ನಲ್ಲಿ ತೊಂಬತ್ತಕ್ಕೂ ಹೆಚ್ಚು ಬಗೆಗಳಿವೆ. ಯಾವ ಲಸಿಕೆಯೂ ಅಷ್ಟನ್ನೂ ತಡೆಯುವುದಿಲ್ಲ. ಆದ್ದರಿಂದ ಡಾಕ್ಟರು ದಿನವೂ ತೆಗೆದುಕೊಳ್ಳಲು ಪೆನ್ಸಿಲಿನ್ ಅಥವಾ ಅದರ ಜಾತಿಯ ಮಾತ್ರೆ ಬರೆದುಕೊಡುತ್ತಾರೆ. ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧ ಇದೆ.

ಈ ಸಣ್ಣ ಮಾತ್ರೆಯ ಶಕ್ತಿ ತಿಳಿದದ್ದು 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಸಿಕಲ್ ಸೆಲ್ ಇರುವ 215 ಪುಟ್ಟ ಮಕ್ಕಳಲ್ಲಿ 105 ಮಕ್ಕಳಿಗೆ ದಿನಕ್ಕೆರಡು ಸಲ ಪೆನ್ಸಿಲಿನ್, ಉಳಿದ 110 ಮಕ್ಕಳಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಪೆನ್ಸಿಲಿನ್ ಪಡೆದ ಗುಂಪಿನಲ್ಲಿ 2 ಮಕ್ಕಳಿಗೆ, ಇನ್ನೊಂದು ಗುಂಪಿನಲ್ಲಿ 13 ಮಕ್ಕಳಿಗೆ ತೀವ್ರ ಸೋಂಕಾಯಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಧ್ಯಯನವನ್ನು ಗೊತ್ತುಪಡಿಸಿದ ಅವಧಿಗಿಂತ ಎಂಟು ತಿಂಗಳು ಮೊದಲೇ ನಿಲ್ಲಿಸಿದರು.

ಮಾತ್ರೆ ಎಷ್ಟು ವರ್ಷ? ಇದಕ್ಕೆ ಎಲ್ಲ ಡಾಕ್ಟರ ಉತ್ತರ ಒಂದೇ ಅಲ್ಲ. ಮಕ್ಕಳಿಗೆ ಕನಿಷ್ಠ ಐದು ವರ್ಷ ವಯಸ್ಸಿನವರೆಗೆ, ಆಪರೇಷನ್ ಆದ ಮೇಲೆ ಕನಿಷ್ಠ ಎರಡು ಮೂರು ವರ್ಷ ಎಂಬುದು ಸಾಮಾನ್ಯ ರೂಢಿ. ಹೆಚ್ಚು ಅಪಾಯವಿರುವವರಿಗೆ ಜೀವನಪೂರ್ತಿ ಎನ್ನುವವರೂ ಇದ್ದಾರೆ. ಒಂದು ಮಾತು ಮಾತ್ರ ನಿಶ್ಚಿತ: ಮಗು ಚೆನ್ನಾಗಿದೆಯೆಂದು ನೀವಾಗಿಯೇ ನಿಲ್ಲಿಸಬೇಡಿ. ಅದು ಚೆನ್ನಾಗಿರುವುದು ಮಾತ್ರೆಯಿಂದಲೂ ಇರಬಹುದು.

ಮೂರನೆಯದು ಮತ್ತು ದೊಡ್ಡದು: ಜ್ವರ ಬಂದ ರಾತ್ರಿ

ಲಸಿಕೆ ಹಾಕಿಸಿದ್ದರೂ, ಮಾತ್ರೆ ತಪ್ಪದೆ ಕೊಟ್ಟಿದ್ದರೂ, ಗುಲ್ಮ ಇಲ್ಲದವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದು ತುರ್ತು ಸ್ಥಿತಿ. ಚಳಿ ನಡುಕ ಬಂದರೆ ಥರ್ಮಾಮೀಟರ್ ಹುಡುಕುತ್ತಾ ಕೂರುವುದೂ ಬೇಡ. ನೇರವಾಗಿ, ನರಕ್ಕೆ ಔಷಧ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ರಕ್ತದ ಮಾದರಿ ತೆಗೆದು, ವರದಿಗೆ ಕಾಯದೆ, ಸೆಫ್ಟ್ರಯಾಕ್ಸೋನ್‌ನಂಥ ಆಂಟಿಬಯಾಟಿಕ್ ಕೂಡಲೇ ಶುರು ಮಾಡಬೇಕು.

ನಾವು ಮೋಸ ಹೋಗುವುದು ಸಾಮಾನ್ಯವಾಗಿ ನಾಲ್ಕು ಕಡೆ.

ಒಂದು, ಪ್ಯಾರಾಸಿಟಮಾಲ್ ಕೊಟ್ಟಾಗ ಮೈ ತಣ್ಣಗಾಗುತ್ತದೆ. ಆದರೆ ರಕ್ತದೊಳಗಿನ ಬ್ಯಾಕ್ಟೀರಿಯಾ ಕಡಿಮೆಯಾಗಿರುವುದಿಲ್ಲ. ಜ್ವರ ಇಳಿಯಿತೆಂದು ಆಸ್ಪತ್ರೆಯ ದಾರಿಯಿಂದ ಹಿಂತಿರುಗಬೇಡಿ.

ಎರಡು, ಥಲಸ್ಸೇಮಿಯಾ ಮಕ್ಕಳಿಗೆ ರಕ್ತ ಹಾಕಿಸಿದ ದಿನ ಒಮ್ಮೊಮ್ಮೆ ಜ್ವರ ಬರುವುದುಂಟು. ಹಾಗಾಗಿ "ರಕ್ತ ಹಾಕಿಸಿದ್ದಕ್ಕೇ ಇರಬೇಕು" ಎಂದು ಮನೆಯವರು ಸುಮ್ಮನಾಗುತ್ತಾರೆ. ಗುಲ್ಮ ತೆಗೆದ ಮೇಲೆ ಆ ತೀರ್ಮಾನ ನಮ್ಮದಲ್ಲ, ಡಾಕ್ಟರದು.

ಮೂರು, ಈ ಸೋಂಕು ಕೆಲವೊಮ್ಮೆ ವಾಂತಿ, ಭೇದಿ, ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ. "ಹೊರಗೆ ಏನೋ ತಿಂದಿದ್ದಾನೆ" ಎಂದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಗು ಮಂಕಾಗಿದ್ದರೆ, ಕೈಕಾಲು ತಣ್ಣಗಿದ್ದರೆ, ಉಸಿರು ವೇಗವಾಗಿದ್ದರೆ, ಮೈಮೇಲೆ ಕೆಂಪು-ನೇರಳೆ ಚುಕ್ಕೆ ಕಂಡರೆ ತಡ ಮಾಡಬೇಡಿ.

ನಾಲ್ಕು, ಕಬ್ಬಿಣದಂಶ ಇಳಿಸುವ ಔಷಧ. ರಕ್ತ ಹಾಕಿಸಿಕೊಳ್ಳುವವರ ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕಲು ಔಷಧ ಕೊಡುತ್ತಾರೆ. ಜ್ವರ ಬಂದಾಗ ಅದನ್ನು ನಿಲ್ಲಿಸಿ ಡಾಕ್ಟರನ್ನು ಕೇಳಬೇಕು. ಅದರಲ್ಲೂ ಡೆಫೆರಿಪ್ರೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಳಿ ಕಣಗಳು ತೀರಾ ಇಳಿದುಹೋಗುವ ಸಾಧ್ಯತೆ ಇರುವುದರಿಂದ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು.

ಆಸ್ಪತ್ರೆ ದೂರವಿದ್ದರೆ? ಇದಕ್ಕಾಗಿಯೇ ಮನೆಯಲ್ಲಿ, ಪ್ರಯಾಣದ ಚೀಲದಲ್ಲಿ ತುರ್ತು ಆಂಟಿಬಯಾಟಿಕ್ ಇಟ್ಟುಕೊಳ್ಳಲು ಡಾಕ್ಟರು ಬರೆದುಕೊಡುತ್ತಾರೆ. ಹೊರಡುವಾಗ ಮೊದಲ ಡೋಸ್ ಕೊಟ್ಟು ಹೊರಡಬೇಕು. ಆ ಡೋಸ್ ಆಸ್ಪತ್ರೆಗೆ ಬದಲಿಯಲ್ಲ, ದಾರಿಗಷ್ಟೇ.

ಊರಿಗೆ ಹೊರಟಾಗ

ಊರು ಬಿಟ್ಟು ಊರಲ್ಲಿರುವ ನಮಗೆ ರೈಲು, ಬಸ್ಸು ತಪ್ಪಿದ್ದಲ್ಲ. ಜಾತ್ರೆ, ಮದುವೆ, ಗಣಪತಿ ಹಬ್ಬಕ್ಕೆ ಹೋಗಿಯೇ ಹೋಗುತ್ತೇವೆ. ಹೋಗಿ. ಆದರೆ ಹೊರಡುವ ಮೊದಲು, ಆ ಊರಿಂದ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದ್ದು ಸಿಗುತ್ತದೆ ಎಂದು ಕೇಳಿಟ್ಟುಕೊಳ್ಳಿ.

ಸೊಳ್ಳೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಲೇರಿಯಾ ತಗುಲಿದ ಕೆಂಪು ಕಣಗಳನ್ನು ಸೋಸುವುದೂ ಗುಲ್ಮದ ಕೆಲಸವೇ ಆದ್ದರಿಂದ ಅದು ಇಲ್ಲದವರಿಗೆ ಮಲೇರಿಯಾ ಉಲ್ಬಣಿಸಬಹುದು. ಮುಂಬೈ, ಮಂಗಳೂರು ಎರಡೂ ಮಲೇರಿಯಾ ಕಂಡ ಊರುಗಳೇ. ಸೊಳ್ಳೆಪರದೆ, ತುಂಬುತೋಳಿನ ಬಟ್ಟೆ ಇರಲಿ. ಮಲೇರಿಯಾ ಹೆಚ್ಚಿರುವ ಕಡೆ ಹೋಗುವುದಾದರೆ ತಡೆಮಾತ್ರೆ ಬೇಕೇ ಎಂದು ಮೊದಲೇ ಕೇಳಿ.

ನಾಯಿ ಕಚ್ಚಿದರೆ ನಮಗೆಲ್ಲ ನೆನಪಾಗುವುದು ರೇಬೀಸ್ ಚುಚ್ಚುಮದ್ದು. ಅದು ಬೇಕೇ ಬೇಕು. ಆದರೆ ನಾಯಿಯ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರ ಪ್ರಾಣಕ್ಕೇ ಕುತ್ತು ತರಬಲ್ಲದು. ಗಾಯ ತೊಳೆದು, ಅದೇ ದಿನ ಆಂಟಿಬಯಾಟಿಕ್ ಕೂಡ ಕೇಳಿ ಪಡೆಯಿರಿ. ಹಲ್ಲು ಕೀಳಿಸುವಾಗಲೂ ದಂತವೈದ್ಯರಿಗೆ ವಿಷಯ ಮೊದಲೇ ಹೇಳಿ.

ಆ ಚೀಟಿ

ಡೊಂಬಿವಲಿಯ ತಾಯಿಯ ಪರ್ಸಿನಲ್ಲಿದ್ದಂಥ ಚೀಟಿ ನಿಮ್ಮಲ್ಲಿಲ್ಲದಿದ್ದರೆ ಮುಂದಿನ ಸಲ ರಕ್ತ ಹಾಕಿಸಲು ಹೋದಾಗಲೇ ಬರೆಸಿಕೊಳ್ಳಿ. ಕನ್ನಡದ ಬಗ್ಗೆ ನನಗೆಷ್ಟೇ ಅಭಿಮಾನವಿದ್ದರೂ ಇದೊಂದನ್ನು ಇಂಗ್ಲಿಷಿನಲ್ಲಿ ಬರೆಸಿ. ಚೆನ್ನೈಯ, ಹೈದರಾಬಾದಿನ, ದೆಹಲಿಯ ರಾತ್ರಿ ಪಾಳಿಯ ಡಾಕ್ಟರಿಗೂ ಒಂದೇ ನೋಟದಲ್ಲಿ ಅರ್ಥವಾಗಬೇಕು. ಕಾಯಿಲೆಯ ಹೆಸರು, ಗುಲ್ಮ ತೆಗೆದ ವರ್ಷ, ಹಾಕಿಸಿದ ಲಸಿಕೆಗಳು, ಔಷಧದ ಅಲರ್ಜಿ, ರಕ್ತದ ಗುಂಪು, ನಿಮ್ಮ ಡಾಕ್ಟರ ಫೋನ್ ನಂಬರ್ ಇರಲಿ. ಒಂದು ಪ್ರತಿ ಮಗುವಿನ ಶಾಲಾಚೀಲದಲ್ಲಿ, ಒಂದು ನಿಮ್ಮ ಬಳಿ, ಒಂದು ಊರಿನ ಅಜ್ಜಿಮನೆಯಲ್ಲಿ.

ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಓದಲು, ಕೆಲಸಕ್ಕೆ ಹೋಗುತ್ತಾರೆ. ಆಪರೇಷನ್ ಆದಾಗ ಎಂಟು ವರ್ಷವಿದ್ದ ಹುಡುಗಿಗೆ ಈಗ ಇಪ್ಪತ್ತನಾಲ್ಕು. ಪುಣೆಯ ಪಿ.ಜಿ.ಯಲ್ಲಿ ಜ್ವರ ಬಂದರೆ ಪಕ್ಕದಲ್ಲಿ ಅಮ್ಮ ಇರುವುದಿಲ್ಲ. ಇಷ್ಟು ದಿನ ನೀವು ಹೊತ್ತ ಎಚ್ಚರಿಕೆಯನ್ನು ಅವಳ ಕೈಗೂ ದಾಟಿಸಬೇಕು. ಅವಳ ರೂಮಿನ ಗೆಳತಿಗೂ ಒಂದು ಮಾತು ಹೇಳಿಡಿ.

ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿ

• 100.4 ಡಿಗ್ರಿ ಜ್ವರ ಅಥವಾ ಚಳಿ ನಡುಕ: ಕೂಡಲೇ ಆಸ್ಪತ್ರೆ, ಹೊತ್ತು ಗೊತ್ತು ನೋಡಬೇಡಿ.
• ಹೊರಡುವಾಗ ಡಾಕ್ಟರು ಬರೆದುಕೊಟ್ಟ ತುರ್ತು ಆಂಟಿಬಯಾಟಿಕ್‌ನ ಮೊದಲ ಡೋಸ್.
• ಆಸ್ಪತ್ರೆಯಲ್ಲಿ ಮೊದಲ ಮಾತು: "ಗುಲ್ಮ ಇಲ್ಲ." ಚೀಟಿ ತೋರಿಸಿ.
• ಆಪರೇಷನ್ ಗೊತ್ತಾದರೆ ಎರಡು ಮೂರು ತಿಂಗಳು ಮೊದಲೇ ಲಸಿಕೆ ಶುರು.
• ದಿನದ ಮಾತ್ರೆ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ.
• ಫ್ಲೂ ಲಸಿಕೆ ಪ್ರತಿ ವರ್ಷ. ಐದು ವರ್ಷಕ್ಕೆ ಬರುವ ಲಸಿಕೆಗಳ ದಿನಾಂಕ ಬರೆದಿಡಿ.
• ಸಿಕಲ್ ಸೆಲ್ ಇದ್ದರೆ, ಆಪರೇಷನ್ ಆಗದಿದ್ದರೂ, ಇವೆಲ್ಲ ನಿಮಗೂ ಅನ್ವಯ.

ಅಂದಹಾಗೆ, ಆ ತಾಯಿ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಹಳ್ಳಿಯ ಮನೆಯ ಗೋಡೆಗೆ ಈಗ ಅಜ್ಜಿಯೇ ಆ ಚೀಟಿಯ ಪ್ರತಿ ಅಂಟಿಸಿದ್ದಾರಂತೆ, ದೇವರ ಪಟದ ಪಕ್ಕದಲ್ಲಿ. ಹುಡುಗ ಬರುತ್ತಾನೆಂದರೆ ಗಾಡಿಯವರಿಗೆ ಮೊದಲೇ ಹೇಳಿಡುವುದೂ ಈಗ ಅಜ್ಜಿಯೇ.

ಮುಂದಿನ ಕಾರ್ಯಕ್ರಮದಲ್ಲಿ ಸಿಗೋಣ. ಅಲ್ಲಿಯವರೆಗೆ ಆರೋಗ್ಯವಾಗಿರಿ, ಕೇಳುತ್ತಿರಿ.